ಏಳು ಗಂಟೆಯ ದೀಪ

ಊಟದ ಮನೆಯ ದೀಪ ಯಾರ ಕೈಯಲ್ಲಿರಬೇಕು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಆ ಮನೆಯಲ್ಲಿ ಅದು ಹನ್ನೊಂದು ತಿಂಗಳಿಂದ ಇತ್ಯರ್ಥವಾಗದೆ ಕೂತಿತ್ತು. ಇದಕ್ಕಿಂತ ಕಡಿಮೆ ಹೊತ್ತಿನಲ್ಲಿ ದೇಶದೇಶಗಳ ಗಡಿ ತಕರಾರುಗಳು ತೀರಿದ್ದುಂಟು. ಅಳಿಯ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದನ್ನು ಕೈಗಡಿಯಾರದೊಳಗೆ ಇಳಿಸುತ್ತಿದ್ದಾಗ ಮೇಜಿನ ದೀಪ ತಟಕ್ಕನೆ ಆರಿತು. ಸ್ಕ್ರೂ ಎಲ್ಲಿ ಬಿತ್ತೋ ಬಿತ್ತು. ಪಕ್ಕದಲ್ಲಿದ್ದ ಮೊಬೈಲಿಗೆ ಒಂದು ಸಂದೇಶ ಬಂತು: "ಹಗಲೊತ್ತಲ್ಲಿ ದೀಪ ಯಾಕೆ ಭಾವ?"

ಕಳಿಸಿದವನು ಹೆಂಡತಿಯ ತಮ್ಮ. ಊರಿನ ಇನ್ನೊಂದು ತುದಿಯಲ್ಲಿ ಬೇರೆ ಮನೆ ಮಾಡಿಕೊಂಡವನು. ಅಮ್ಮನಿಗೆ ಉಡುಗೊರೆ ಎಂದು ಹೇಳಿ ಮನೆಯ ದೀಪಗಳಿಗೆಲ್ಲ ಮೊಬೈಲಿನಿಂದ ಆಡಿಸುವ ಸ್ವಿಚ್ಚು ಹಾಕಿಸಿ, ಆಡಿಸುವ ಮೊಬೈಲನ್ನು ಮಾತ್ರ ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಪಾಸ್‌ವರ್ಡು ಕೇಳಿದ ಅಕ್ಕನಿಗೆ, ಅದೆಲ್ಲ ನಿನ್ನ ತಲೆಗೆ ಹತ್ತಲ್ಲ ಎಂದಿದ್ದ. ಭಾವನಿಗೆ ಅಷ್ಟನ್ನೂ ಹೇಳಿರಲಿಲ್ಲ. ಭಾವ ಮನೆಯಳಿಯ, ಮನೆಯಳಿಯನ ಮಾತಿಗೆ ಗೋಡೆಯ ಕ್ಯಾಲೆಂಡರಿಗಿರುವಷ್ಟು ಬೆಲೆ, ಅದೂ ಹೋದ ವರ್ಷದ್ದು. ಅತ್ತೆಯಂತೂ ಅವನು ಎದುರಿಗೇ ಕೂತಿದ್ದರೂ ಹೇಳುವುದನ್ನು ಮಗಳ ಮೂಲಕವೇ ಹೇಳುವರು. "ನಿನ್ನ ಗಂಡನಿಗೆ ನೀರು ಬೇಕೇನೋ ಕೇಳು."

ಅತ್ತೆಗೆ ಆ ದೀಪದ ಮೇಲೆ ಪ್ರಾಣ. ಸಂಜೆ ಸರಿಯಾಗಿ ಏಳಕ್ಕೆ ಊಟದ ಮನೆಯ ದೀಪ ಎರಡು ಸಲ ಆರಿ ಹತ್ತುತ್ತಿತ್ತು. 'ಅಮ್ಮ, ಊಟ ಮಾಡು' ಎಂದು ತಾನು ಅಲ್ಲಿಂದ ಹೇಳಿದ ಹಾಗೆ ಅಂತ ಮಗ ಮೊದಲ ದಿನವೇ ಹೇಳಿಕೊಟ್ಟಿದ್ದ. ಆ ಎರಡು ಮಿಟುಕು ಕಾಣದೆ ಅತ್ತೆ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಕಂಡ ಮೇಲೆ, ನೆನೆಸಿಕೊಂಡ ನೋಡು, ಎಂದು ಮಗಳ ಕಡೆ ತಿರುಗುವರು. ಮಗ ಖುದ್ದಾಗಿ ಮುಖ ತೋರಿಸಿ ಏಳು ತಿಂಗಳಾಗಿತ್ತು. ಹೆತ್ತವಳ ಋಣವನ್ನು ಒಂದು ಬೆರಳಲ್ಲಿ ತೀರಿಸುವ ಇಂಥ ಗಂಡಸನ್ನು ನೆನೆದರೆ ಅಳಿಯನಿಗೆ ಅನ್ನ ಸೇರುತ್ತಿರಲಿಲ್ಲ. ಆದರೂ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಸ್ಕ್ರೂ ಸಿಗಲಿಲ್ಲ. ಅಳಿಯ ಎದ್ದು ಸ್ವಿಚ್ಚು ಮಾರುವ ಅಂಗಡಿಗೆ ಹೋದ.

ಅಂಗಡಿಯವನು ಏಳು ಬಗೆಯ ಸ್ವಿಚ್ಚುಗಳನ್ನು ಸಾಲಾಗಿ ಇಟ್ಟು, ಮದುವೆ ದಲ್ಲಾಳಿಯಂತೆ ಒಂದೊಂದರ ಗುಣಗಾನ ಮಾಡಿದ. ಒಂದು ಮಾತಿಗೆ ಮಾತು ಕೊಡುತ್ತದೆ, ಒಂದು ಚಪ್ಪಾಳೆಗೆ ಹತ್ತುತ್ತದೆ, ಇನ್ನೊಂದನ್ನು ಚಂದ್ರಲೋಕದಿಂದ ಬೇಕಾದರೂ ಆರಿಸಬಹುದು. ಎಲ್ಲ ಕೇಳಿಸಿಕೊಂಡ ಅಳಿಯ, ಇಂಟರ್ನೆಟ್ ಕಿತ್ತರೆ ಇವು ಏನು ಮಾಡುತ್ತವೆ ಎಂದು ಕೇಳಿದ. ಕೀಳುವುದಾದರೂ ಯಾಕೆ ಎಂದು ಅಂಗಡಿಯವನು ನಕ್ಕ. ಗಡಿಯಾರ ರಿಪೇರಿಯವರು ಮುಖ ನೋಡಿ ನಂಬುವವರಲ್ಲ, ಬೆನ್ನು ಬಿಚ್ಚಿ ನೋಡುವವರು. ಅಳಿಯ ಗಲ್ಲಾದ ಹಿಂದೆ ಕೈ ಹಾಕಿ ಇಂಟರ್ನೆಟ್ಟಿನ ವೈರನ್ನು ಎಳೆದೇಬಿಟ್ಟ.

ಐದು ಸ್ವಿಚ್ಚುಗಳು ಮೊಬೈಲಿನ ಮಾತನ್ನೇ ಕೇಳಲಿಲ್ಲ. ಆರನೆಯದು ಎಲ್ಲೋ ಇರುವ ಕಂಪನಿಯ ಅಪ್ಪಣೆಗೆ ಕಾಯುತ್ತ ಕೆಂಪಗೆ ಮಿನುಗತೊಡಗಿತು. ಧೂಳು ಹಿಡಿದಿದ್ದ ಏಳನೆಯದು ಮಾತ್ರ ಏನೂ ಆಗಿಲ್ಲವೆಂಬಂತೆ ಹತ್ತು ಅಂದರೆ ಹತ್ತಿತು, ಆರು ಅಂದರೆ ಆರಿತು. ಅದು ತಂತಿಯಿಲ್ಲದೆ ಮಾತಾಡುವುದು ಮನೆಯೊಳಗೇ ಇಡುವ ಅಂಗೈಯಗಲದ ಒಂದು ಡಬ್ಬಿಯ ಜೊತೆ, ಹೊರಗಿನವರ ಹಂಗಿಲ್ಲ.

"ಇದನ್ನ ಯಾರೂ ಕೇಳಲ್ಲ ಸಾರ್," ಎಂದ ಅಂಗಡಿಯವನು, ಹೆಣ್ಣಿನ ಐಬು ಒಪ್ಪಿಕೊಳ್ಳುವವನ ದನಿಯಲ್ಲಿ. "ಹೊರಗಿಂದ ಆಡ್ಸಕ್ಕಾಗಲ್ಲ."

"ಅದಕ್ಕೇ ಬೇಕು."

ಹಳೆಯ ಸ್ವಿಚ್ಚುಗಳು ಕೆಟ್ಟಿವೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಎಲ್ಲವನ್ನೂ ಬದಲಾಯಿಸಿದ. ಭಾವಮೈದನಿಂದ ಸೊಲ್ಲಿಲ್ಲ, ಹೊಸ ಕಾರು ಕೊಂಡಿದ್ದನಂತೆ, ಬೆರಳಿಗೆ ಬೇರೆ ಆಟಿಕೆ ಸಿಕ್ಕಿತ್ತು. ಆದರೆ ಆ ಸಂಜೆ ಏಳಕ್ಕೆ ಅತ್ತೆ ತಟ್ಟೆ ಮುಂದಿಟ್ಟುಕೊಂಡು ಮೇಲೆ ನೋಡಿದರು. ಏಳೂಕಾಲಾಯಿತು. ಅನ್ನ ಆರಿತು. ಮರುದಿನವೂ ಅಷ್ಟೇ. ಮಗನಿಗೆ ಹುಷಾರಿಲ್ಲವೇನೋ ಎಂದರು. ಫೋನು ಮಾಡೋಣವೆಂದು ಮಗಳು ಎದ್ದರೆ, ಬೇಡ, ಕೆಲಸದಲ್ಲಿ ಇರುತ್ತಾನೆ, ಬೈಯುತ್ತಾನೆ ಎಂದು ತಡೆದರು. ಎರಡು ತುತ್ತು ತಿಂದು ಎದ್ದರು.

ಮೂರನೆಯ ದಿನ ಅಳಿಯ ಡಬ್ಬಿಯ ಮುಂದೆ ಕೂತು, ದಿನಾ ಏಳಕ್ಕೆ ಎರಡು ಮಿಟುಕು ಎಂದು ಅದಕ್ಕೆ ಹೇಳಿಕೊಟ್ಟ. ಅತ್ತೆ ಹೊಟ್ಟೆ ತುಂಬ ಉಂಡರು. ಭಾವಮೈದನ ಪುಣ್ಯಕ್ಕೆ ತಾನು ದುಡಿಯುತ್ತಿದ್ದೇನೆ ಎಂದುಕೊಂಡ ಅಳಿಯನಿಗೆ ಆ ದಿನ ಭಾವಮೈದನಿಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ಎರಡು ತಿಂಗಳು ಕಳೆದು ಒಂದು ಸಂಜೆ, ಈ ಕಡೆ ಏನೋ ಕೆಲಸವಿತ್ತೆಂದು ಭಾವಮೈದನೇ ಬಂದ. ಅತ್ತೆ ಓಡಾಡಿ ಬಡಿಸಿದರು. ಅವನು ತಿನ್ನುತ್ತ ಕಾರಿನ ಗುಣ ಹೇಳುತ್ತಿದ್ದ. ಗಂಟೆ ಏಳಾಯಿತು. ದೀಪ ಎರಡು ಸಲ ಆರಿ ಹತ್ತಿತು.

ಅಳಿಯ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಈವತ್ತೊಂದು ದಿನ ಬೇಡ ಎಂದು ಡಬ್ಬಿಗೆ ಹೇಳುವುದು ಮರೆತೇ ಹೋಗಿತ್ತು. ಅತ್ತೆ ಮಗನ ಕೈಗಳನ್ನು ನೋಡಿದರು. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ನೀರಿನ ಲೋಟ.

"ಈಗ ಒತ್ತಿದ್ದು ಯಾರಪ್ಪ?"

"ಯಾರು ಒತ್ತಬೇಕು? ಟೈಮಿಂಗ್ ಹಾಕಿಟ್ಟಿದೀನಲ್ಲಮ್ಮ, ಮೊದಲನೇ ವಾರದಲ್ಲೇ. ದಿನಾ ಒತ್ಕೊಂಡು ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?"

ಹನ್ನೊಂದು ತಿಂಗಳು ಒಂದು ಸೆಕೆಂಡೂ ತಪ್ಪದ ಏಳು ಗಂಟೆ. ಜನ್ಮದಲ್ಲಿ ಹೇಳಿದ ಹೊತ್ತಿಗೆ ಬಾರದ ಭಾವಮೈದ. ಇಷ್ಟು ಹೊಳೆಯದವನು ಗಡಿಯಾರದ ಕಸುಬು ಮಾಡಬಾರದು ಎಂದುಕೊಂಡ ಅಳಿಯ. ತಾನು ಬೆರಳೊಂದನ್ನು ಹೀಗಳೆಯುತ್ತ ಬಂದಿದ್ದ. ಆ ಬೆರಳೂ ಖರ್ಚಾಗಿರಲಿಲ್ಲ.

ಭಾವಮೈದ ಅಮ್ಮನಿಗೆ ತೋರಿಸಲೆಂದು ಮೊಬೈಲು ತೆಗೆದ. ಪರದೆಯ ಮೇಲೆ ದೀಪಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ನಿಮ್ಮನೇಲಿ ನೆಟ್‌ವರ್ಕೇ ಸರಿಯಿಲ್ಲ ಎಂದು ಗೊಣಗಿದ. ಅಕ್ಕ ಬಗ್ಗಿ ಓದಿದಳು.

"ಅರವತ್ಮೂರು ದಿನದಿಂದ ಸಂಪರ್ಕ ಇಲ್ಲ ಅಂತ ಬರೆದಿದೆ ಕಣೋ."

"ಸುಳ್ಳು ತೋರಿಸುತ್ತೆ. ಈಗ ತಾನೇ ಮಿಟುಕಲಿಲ್ವಾ?" ಎಂದು ಗೆದ್ದವನಂತೆ ಹೇಳಿ ಅವನು ತಟ್ಟೆಗೆ ಬಾಗಿದ.

ಅತ್ತೆ ಅಳಿಯನನ್ನು ಬಹಳ ಹೊತ್ತು ನೋಡಿದರು. ಅವನು ಅನ್ನದಲ್ಲಿ ಸ್ಕ್ರೂ ಬಿದ್ದಿದೆಯೇನೋ ಎಂಬಂತೆ ತಟ್ಟೆ ಹುಡುಕುತ್ತಿದ್ದ. ಅತ್ತೆ ಸೌಟು ಎತ್ತಿ, ಯಾರನ್ನೂ ಕೇಳದೆ, ಆ ತಟ್ಟೆಗೆ ಬಡಿಸಿದರು.

ಮರುದಿನ ಬೆಳಗ್ಗೆ ಅವನ ಕೆಲಸದ ಮೇಜಿನ ಬಳಿ ತಾವೇ ಬಂದು ನಿಂತರು. "ಅಳಿಯಂದ್ರೇ, ಆ ಏಳು ಗಂಟೆದು ತೆಗೆದ್ಬಿಡಿ."

ತೆಗೆದ. ಈಗ ಊಟದ ಮನೆಯ ದೀಪವನ್ನು ಸಂಜೆ ಅತ್ತೆಯೇ ಗೋಡೆಯ ಗುಂಡಿ ಒತ್ತಿ ಹಚ್ಚುತ್ತಾರೆ, ಊಟವಾದ ಮೇಲೆ ಆರಿಸುತ್ತಾರೆ.