ಮರುಭೇಟಿ ಸಂಚಿಕೆ

"ಇಷ್ಟೆಲ್ಲ ಆಗೋ ಬದಲು ಅವನಿಗೆ ಮೊದಲೇ ಹೇಳಿಬಿಡಬಾರದಿತ್ತಾ ಪುಟ್ಟು?" ಎಂದು ಅಮ್ಮ ಕೇಳಿದಾಗ ಟಿ.ವಿ.ಯಲ್ಲಿ ಜಾಹೀರಾತು ಶುರುವಾಗಿತ್ತು. ಅಕ್ಕ ರಿಮೋಟ್ ಎತ್ತಿಕೊಂಡು ಧ್ವನಿ ತಗ್ಗಿಸಿದಳು. ಭಾವ ತನ್ನ ಕಾಲುಗುರುಗಳನ್ನೇ ನೋಡುತ್ತ ಕೂತಿದ್ದ.

ಪುಟ್ಟುವಿಗೆ ನಗು ಬಂತು. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡಿದ್ದ ಅವಳು ಹೆಣ್ಣಾಗಿ ಬದುಕಲು ಹೊರಟಾಗ, "ಹೊರಗೆ ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದು ಆಣೆ ಮಾಡಿಸಿಕೊಂಡವಳು ಇದೇ ಅಮ್ಮ. ಆ ಆಣೆ ಮುರಿದದ್ದು 'ಸಂಗಾತಿ ಮನೆ'ಗಾಗಿ. ಗಂಡು ಹೆಣ್ಣುಗಳನ್ನು ಒಂದೇ ಮನೆಯಲ್ಲಿಟ್ಟು ಜೋಡಿ ಕೂಡಿಸುವ ಆ ಟಿ.ವಿ. ಕಾರ್ಯಕ್ರಮಕ್ಕೆ ಅವಳನ್ನು ಆರಿಸಿದಾಗ ನಿರ್ದೇಶಕಿ, "ನಿಮ್ಮಂಥವರಿಗೂ ಪ್ರೀತಿ ಸಿಗುತ್ತೆ ಅಂತ ತೋರಿಸೋಣ" ಎಂದಿದ್ದಳು. ಈಜು ಕಲಿಸುವವನೊಬ್ಬ ಹತ್ತಿರವಾಗುತ್ತಿದ್ದಾನೆ ಅನ್ನಿಸಿದ ಕೂಡಲೇ ಪುಟ್ಟು ತೋಟದ ಬೆಂಚಿನ ಮೇಲೆ ಕೂತು ಅವನಿಗೆ ಎಲ್ಲ ಹೇಳಿದ್ದಳು. ಕ್ಯಾಮೆರಾ ಎದುರಿಗೇ ಇತ್ತು.

ಈಗ ಟಿ.ವಿ.ಯಲ್ಲಿ ಆ ಬೆಂಚಿನ ಸುಳಿವೇ ಇರಲಿಲ್ಲ. ಇಬ್ಬರೂ ಕೈ ಹಿಡಿದು ಓಡಾಡಿದ್ದು ಬಂತು. ಆಮೇಲೆ ಅವಳೊಬ್ಬಳೇ ಕೋಣೆಯಲ್ಲಿ ಕೂತು ಕ್ಯಾಮೆರಾಗೆ ತನ್ನ ವಿಷಯ ಹೇಳಿಕೊಂಡಿದ್ದು ಬಂತು. ಎದೆ ನಡುಗಿಸುವ ಸಂಗೀತದ ಹಿಂದೆಯೇ ಅವನ ಬಿಳಿಚಿಕೊಂಡ ಮುಖ. ಆ ಮುಖವನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನಪ್ಪನಿಗೆ ಅಪಘಾತವಾಯಿತೆಂದು ಸುದ್ದಿ ಬಂದ ದಿನದ ಮುಖ ಅದು.

ಮರುದಿನ ಅವಳು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ, ಅವಳೇ ವ್ಯಾಯಾಮ ಮಾಡಿಸಿ ಮತ್ತೆ ನಡೆಯುವಂತೆ ಮಾಡಿದ್ದ ನಿವೃತ್ತ ಮೇಷ್ಟರು ಬೇರೆಯವರನ್ನು ಕಳಿಸಲು ಕೇಳಿಕೊಂಡರು. "ನೀನು ಒಳ್ಳೆಯವಳೇ ಕಣಮ್ಮ. ಆದ್ರೂ ಆ ಹುಡುಗನ ಮುಖ ನೋಡೋಕಾಗಲಿಲ್ಲ."

ಸಂಜೆ ನಿರ್ದೇಶಕಿಯ ಫೋನು ಬಂತು. ದನಿಯಲ್ಲಿ ಹಿಗ್ಗು ಉಕ್ಕುತ್ತಿತ್ತು. "ಎಲ್ಲಿ ನೋಡಿದ್ರೂ ನಿಮ್ಮಿಬ್ಬರದೇ ಮಾತು. ಮರುಭೇಟಿ ಸಂಚಿಕೆಗೆ ಬನ್ನಿ, ಅಮ್ಮನನ್ನೂ ಕರ್ಕೊಂಡು ಬನ್ನಿ. ನೀವು ಆ ಹುಡುಗನ ಹತ್ರ ಕ್ಷಮೆ ಕೇಳಿ, ಅವನು ಕ್ಷಮಿಸ್ತಾನೆ. ನಿಮ್ಮ ಹೆಸರೂ ಸರಿಹೋಗುತ್ತೆ."

"ನಾನು ಹೇಳಿದ್ದೆನಲ್ಲ ಮೇಡಂ. ನೀವೇ ಅಲ್ಲಿ ನಿಂತಿದ್ರಿ."

"ಅದನ್ನ ತೋರಿಸಿಬಿಟ್ರೆ ಕಥೆ ಎಲ್ಲಿ ಉಳಿಯುತ್ತೆ?"

ಪುಟ್ಟು ಹೋದಳು. ಅವನನ್ನು ಎದುರೆದುರೇ ಕೇಳಬೇಕಿತ್ತು. ಸ್ಟುಡಿಯೋದಲ್ಲಿ ಅವಳ ಕೂದಲನ್ನು ಎತ್ತಿ ಕಟ್ಟಿ, ಗಟ್ಟಿಯಾಗಿ ನಿಲ್ಲುವಂತೆ ಏನೋ ಸಿಂಪಡಿಸಿದರು. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. "ಯಾಕೆ ಮುಚ್ಚಿಟ್ರಿ?" ಎಂದು ನಿರೂಪಕ ಮೃದುವಾಗಿ ಕೇಳಿದ.

ಪುಟ್ಟು ಈಜಿನವನ ಕಡೆ ತಿರುಗಿದಳು. "ತೋಟದಲ್ಲಿ ಕೂತು ನಿಮಗೆ ಹೇಳಲಿಲ್ವಾ?"

ಅವನು ನಿರೂಪಕನನ್ನು ನೋಡಿದ, ಆಮೇಲೆ ತನ್ನ ಬೂಟುಗಳನ್ನು. "ನಂಗೆ ನೆನಪಿಲ್ಲ," ಎಂದ.

"ಕಟ್," ಎಂದಳು ನಿರ್ದೇಶಕಿ ಕತ್ತಲಿನಿಂದ. "ಇನ್ನೊಂದ್ಸಲ ಮಾಡೋಣ. ಈ ಸಲ ಅಮ್ಮನ ಮುಖ ನೋಡ್ಕೊಂಡು ಕ್ಷಮೆ ಕೇಳಿ. ಕಣ್ಣೀರು ತಾನಾಗೇ ಬರುತ್ತೆ."

ಪುಟ್ಟು ಕೊರಳ ಬಳಿ ಸಿಕ್ಕಿಸಿದ್ದ ಮೈಕು ಕಿತ್ತು ಕುರ್ಚಿಯ ಮೇಲಿಟ್ಟು ಎದ್ದು ನಡೆದಳು. ಮುಂದಿನ ವಾರ ಜನ ಕಂಡದ್ದು ಅವಳ ಬೆನ್ನನ್ನು ಮಾತ್ರ. 'ಉತ್ತರ ಕೊಡಲಾಗದೆ ಹೊರಟಳು' ಎಂದು ಅದರ ಕೆಳಗೆ ಬರೆದಿತ್ತು.

ಸ್ಟುಡಿಯೋದಿಂದ ಹೊರಟ ಆ ದಿನ ಅಮ್ಮ ಟ್ಯಾಕ್ಸಿಯಲ್ಲಿ ಅವಳ ಪಕ್ಕ ಕೂತಿದ್ದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮೆಲ್ಲಗೆ ಕೇಳಿದಳು. "ನಿಜವಾಗ್ಲೂ ಹೇಳಿದ್ಯಾ?"

"ಹೇಳಿದ್ದೆ."

"ಏನಂದ?"

ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ಚಳಿ ಆಗ್ತಿದ್ಯಾ ಅಂದ. ತನ್ನ ಸ್ವೆಟರ್ ತೆಗೆದು ಕೊಟ್ಟ."

ಅಮ್ಮ ಮಗಳ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡು ಕೂದಲಿಗೆ ಚುಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಪಿನ್ನುಗಳೆಲ್ಲ ಬಂದ ಮೇಲೂ ಕೂದಲು ಕಟ್ಟಿದ ಹಾಗೆಯೇ ನಿಂತಿತ್ತು.