ನೋಡಲಿಕ್ಕೆ ಮೊದಲಿನಂತೆಯೇ

ತಿಕೋಟೆಯ ಮೆತ್ತನೆ ಮಣ್ಣಿನಲ್ಲಿ ಬರದ ಚಪ್ಪಲಿಯ ಸದ್ದು ವಿಜಾಪುರದ ಕಲ್ಲಿನ ಮೇಲಾದರೂ ಬಂದೀತು ಅಂದುಕೊಂಡಿದ್ದಳು ಅಕ್ಕನಾಗಮ್ಮ, ಬರಲಿಲ್ಲ, ಬಲಗಾಲು ಊರಿದರೂ ಇಲ್ಲ, ಎಡಗಾಲು ಊರಿದರೂ ಇಲ್ಲ, ಹೊಸ ಚರ್ಮದ ವಾಸನೆಯಷ್ಟೇ, ಬೆನ್ನ ಹಿಂದೆ ಅವಳು ಇಳಿದ ಇದ್ದಿಲ ಗ್ಯಾಸಿನ ಮೋಟಾರು ಕೆಮ್ಮುತ್ತ ನಿಂತಿದೆ, ಅದರ ಗದ್ದಲಕ್ಕೆ ಕೇಳಿಸುತ್ತಿಲ್ಲವೇನೋ, ನಾಲ್ಕು ಹೆಜ್ಜೆ ಆಚೆ ಹೋಗಿ ನೋಡಬೇಕು—ನಾಲ್ಕಲ್ಲ, ಇಪ್ಪತ್ತು ಹೋದಳು, ಹಿಮ್ಮಡಿ ಒತ್ತಿ, ಬೆರಳ ತುದಿ ಒತ್ತಿ, ನೋಡಿದವರು ಕಾಲಿಗೆ ಮುಳ್ಳು ಹೊಕ್ಕಿದೆ ಅಂದುಕೊಳ್ಳುವ ಹಾಗೆ, ಚಪ್ಪಲಿ ಮೂಕ. ಮಿಕ್ಕದ್ದೆಲ್ಲ ಇದೆ, ಹೆಬ್ಬೆರಳ ಉಂಗುರ ಇದೆ, ಅಂಚಿನ ಹೆಣಿಗೆ ಇದೆ, ಕೆಂಪು ಗೊಂಡೆ ಇದೆ, ಎರಡು ವರ್ಷದ ಹಿಂದೆ ಸತ್ತ ಅಕ್ಕ ತಾಯವ್ವನ ಕಾಲಲ್ಲಿ ಇದ್ದಂಥದೇ ಜೋಡು, ತಾನು ಎಣ್ಣೆ ಹಚ್ಚಿ ಹಚ್ಚಿ ಕಾಪಾಡಿಕೊಂಡು ಬಂದ ಆ ಹಳೆಯ ಜೋಡು ಕಳೆದ ವಾರ ಅಟ್ಟೆ ಸೀಳಿ, ದಾರ ಸುತ್ತಿ ಮೆಟ್ಟಿಕೊಂಡು ಹೋದದ್ದು ಇವತ್ತು ತಿಕೋಟೆಯಲ್ಲಿ ಎರಡಾಯಿತಲ್ಲ, ಅದರದೇ ಪಡಿಯಚ್ಚು, ಬರೀ ಆ ಕರ್ರ ಕರ್ರ ಇಲ್ಲ. ಅಟ್ಟೆಯ ಎರಡು ಪದರಗಳ ನಡುವೆ ಒಂದು ಒಣ ಬೀಜ ಇಟ್ಟು ಹೊಲಿಯಬೇಕು, ಹೆಜ್ಜೆಗೊಮ್ಮೆ ಕಿರುಗುಡುತ್ತದೆ, ಗೌಡರು ಹಾಗೆ ಮಾಡಿಸಿಕೊಳ್ಳುತ್ತಾರೆ, ತಾವು ಬರುವುದು ಬೀದಿಗೆಲ್ಲ ತಿಳಿಯಲಿ ಅಂತ, ತಾಯವ್ವನೂ ಹಟ ಹಿಡಿದು ಮಾಡಿಸಿಕೊಂಡಿದ್ದಳು, ಅವಳ ಅತ್ತೆ ಆಡಿಕೊಂಡಿದ್ದಳು, ಬಂದ್ಲು ನೋಡ್ರಿ ನಮ್ಮನಿ ಗೌಡ, ಮೀಸಿ ಒಂದ ಕಡಿಮಿ, ತಾಯವ್ವ ನಕ್ಕು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು, ಚಪ್ಪಲ್ಯಾಗ ಗುಬ್ಬಿ ಐತಿ ರೇಣಿ, ಅವ್ವ ಬಂದ್ಲು ಅಂತ ಅದು ನಿನಗ ಮೊದ್ಲ ಹೇಳ್ತೈತಿ.

ಗುಬ್ಬಿ ಇಲ್ಲ. ಬೀಜ ಇಲ್ಲದಿದ್ದರೂ ಹೊಸ ಚರ್ಮ ಒಂದಿಷ್ಟು ಕಿರುಗುಟ್ಟೀತು ಎಂಬ ಆಸೆಯೂ ಈ ಕಲ್ಲಿನ ಮೇಲೆ ಮುಗಿಯಿತು, ಚಪ್ಪಲಿ ಹೊಲಿದ ತಿಕೋಟೆಯ ಮಾಳವ್ವನನ್ನು ಅಂದರೆ ಏನು ಬಂತು, ಗಂಡ ರಾಯಪ್ಪ ತೀರಿಕೊಂಡ ಮೇಲೆ ತಾನೇ ಉಳಿ ಹಿಡಿದು ಕೂತವಳು, ಚೀಟ್ಯಾಗ ಇದ್ದಂಗ ಮಾಡೇನ್ರಿ ಬಾಯಾರ, ನೋಡಾಕ ಒಂದ ಎಳಿ ಹೆಚ್ಚುಕಡಿಮಿ ಇಲ್ಲ, ಬೀಜ ಒಂದ ಬಿಟ್ಟೇನಿ, ಕಲ್ತ ಬಾಯಾರು ಗೌಡರಂಗ ಕರ್ರ ಕರ್ರ ಅಂತ ಅಡ್ಡಾಡಿದ್ರ ಮಂದಿ ನಗ್ತಾರು, ನಮ್ಮನಿಯವ್ರಾಗಿದ್ರ ಇಟ್ಟಬಿಡ್ತಿದ್ರು, ಅವ್ರಿಗೆ ಇಂಥಾದೆಲ್ಲಾ ತಿಳೀತಿರಲಿಲ್ಲ—ಮರ್ಯಾದೆಗೆ ಬಿಟ್ಟಿದ್ದು, ಅವಳ ಮುಖದಲ್ಲಿ ಎಷ್ಟು ಹೆಮ್ಮೆ, ಅಷ್ಟರಲ್ಲಿ ಮೋಟಾರಿನವನು ಹಾರ್ನು ಒತ್ತಿದ, ಬಿಚ್ಚಿ ಹೊಲಿಯಲು ಎರಡು ದಿನ ಬೇಕು, ಸಂಜೆಯೊಳಗೆ ಬರುತ್ತೇನೆಂದು ನೆರೆಮನೆಯ ದಾವಲಬಿಯ ಹತ್ತಿರ ಹುಡುಗಿಯನ್ನು ಬಿಟ್ಟು ಬಂದಾಗಿದೆ. ಚೀಟಿ ಬರೆದವಳು ಯಾರು, ಎರಡು ಸಲ ಹರಿದು ಮೂರನೆಯ ಸಲ ಬರೆದದ್ದು, ಧಾರವಾಡದ ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡ ಕೈ, ನೋಡಲಿಕ್ಕೆ ಮೊದಲಿನಂತೆಯೇ ಇರತಕ್ಕದ್ದು, ಏನೂ ಬದಲಾಗಕೂಡದು. ನೋಡಲಿಕ್ಕೆ. ಆ ಮನೆಯಲ್ಲಿ ನೋಡುವವರು ಯಾರಿದ್ದರು, ಕಣ್ಣಿಲ್ಲದ ಕೂಸಿಗಾಗಿ ಮಾಡಿಸುವ ಚಪ್ಪಲಿಗೆ ನೋಡಲಿಕ್ಕೆ ಎಂದು ಬರೆದಳಲ್ಲ, ಕೇಳಲಿಕ್ಕೆ ಎಂಬ ಒಂದು ಶಬ್ದ ಆ ಕೈಗೆ ಹೊಳೆಯಲಿಲ್ಲವಲ್ಲ.

ಗುಮ್ಮಟದ ತಲೆ ಬೇವಿನ ಮರಗಳ ಮೇಲೆ ಕಾಣಿಸಿತು, ಇನ್ನು ಅರ್ಧ ಹಾದಿ, ಆ ಓಣಿ ಹೊಕ್ಕರೆ ಅವಳು ಅಕ್ಕನಾಗಮ್ಮ ಅಲ್ಲ, ತಾಯವ್ವ, ಎರಡು ವರ್ಷದಿಂದ ಇಡೀ ಓಣಿ ಅವಳನ್ನು ತಾಯವ್ವ ಅಂತಲೇ ಕರೆಯುತ್ತದೆ, ದಾವಲಬಿಯೇ ಮನೆಮನೆಗೆ ಹೋಗಿ ಹೇಳಿ ಬಂದಳು, ನಾಲಿಗಿ ಜಾರಿದ್ರ ನನ್ನ ಕೈಯಾಗ ಮೊರ ಐತಿ ನೋಡ್ರಿ, ಪಿಸುಮಾತನ್ನೂ ತಿರುಗಿಸಿ ಒದರುವ ಗುಮ್ಮಟದ ಪಕ್ಕದಲ್ಲೇ ಇದ್ದು ಯಾರ ಬಾಯಿಂದಲೂ ಅದು ಹೊರಬಿದ್ದಿಲ್ಲ. ಹೀಗೆ ಮಾಡು ಅಂತ ಮೊದಲು ಹೇಳಿದವಳು ಹೆತ್ತವ್ವ, ಬಬಲೇಶ್ವರದ ಮನೆಯ ನಡುಮನೆಯಲ್ಲಿ, ಧಾರವಾಡದಿಂದ ತಾರು ಕಂಡು ಓಡಿ ಬಂದಾಗ ಸಿಡುಬು ತಾಯವ್ವನನ್ನು ಮಣ್ಣಿಗೆ ಕಳಿಸಿಯಾಗಿತ್ತು, ನಾಲ್ಕು ವರ್ಷದ ರೇಣಿಯ ಎರಡೂ ಕಣ್ಣು ಆರಿದ್ದವು, ಅವ್ವಾ ಅವ್ವಾ ಎಂದು ಗೋಡೆ ತಡವುತ್ತಿತ್ತು, ಹೆತ್ತವ್ವ ಟ್ರಂಕಿನಿಂದ ಅಕ್ಕನ ಸೀರೆ ತೆಗೆದು ಇವಳ ಮೈಮೇಲೆ ಎಸೆದಳು, ಉಟ್ಕೊ ಬೇ ಇದನ್ನ, ಒಂದ ದಿನ, ಜ್ವರಾ ಇಳಿಯೂತನಕ, ನಿಮ್ಮಿಬ್ಬರ ದನಿ ಒಂದ ಐತಿ. ಒಂದು ದಿನ. ಉಟ್ಟಳು, ಚಪ್ಪಲಿ ಮೆಟ್ಟಿದಳು, ನಾಲ್ಕು ಹೆಜ್ಜೆ ಕರ್ರ ಕರ್ರ, ಕೂಸು ಗೋಡೆ ಬಿಟ್ಟು ತಿರುಗಿತು, ಸೆರಗು ಹಿಡಿಯಿತು, ಸಿಡುಬಿನ ಕಲೆ ಇದ್ದ ಆ ತೋರುಬೆರಳು ಸೆರಗಿನಲ್ಲಿ ನೇಯ್ದ ತೆನೆಗಳನ್ನು ಒಂದೊಂದಾಗಿ ಮುಟ್ಟಿತು, ತಾಯವ್ವ ಕಲಿಸಿದ ಎಣಿಕೆ, ಒಂದು, ಎರಡು, ಹನ್ನೊಂದಕ್ಕೆ ನಿಂತಿತು, ಅದರ ಮುಂದಿನ ಎಣಿಕೆ ಬರುತ್ತಿರಲಿಲ್ಲ, ಹನ್ನೊಂದಕ್ಕೆ ಬೆರಳಿಟ್ಟು ನಿದ್ದೆ ಹೋಯಿತು. ಆಮೇಲೆ ಅಕ್ಕನ ಗಂಡ ಶಂಕ್ರೆಪ್ಪನ ಜೊತೆ ಲಗ್ನ, ಅಕ್ಕ ಹೋದ ಮನೆಗೆ ತಂಗಿ, ಅದೇನು ಹೊಸದಲ್ಲ, ಲಗ್ನದ ದಿನ ಮಾತ್ರ ಹುಡುಗಿಯನ್ನು ಘೋಣಸಗಿಗೆ ಕಳಿಸಿದ್ದರು, ಬಾಜಾ ಕೇಳಿ ಯಾರ ಲಗ್ನ ಅಂತ ಕೇಳಿದರೆ ಏನು ಹೇಳುವುದು. ಅವ್ವನ ತಂಗಿಯನ್ನು ಕೇಳುತ್ತಿತ್ತು ಆಗೆಲ್ಲ, ಚಿಗವ್ವ ಎಲ್ಲಿ ಅದಾಳ, ಧಾರವಾಡದಾಗ ಅದಾಳ, ಏನ ಮಾಡಾಕತ್ತಾಳ, ಓದಾಕತ್ತಾಳ, ಎಷ್ಟ ಓದ್ತಾಳ ಅಕಿ—ಮಾತು ಮಾತಿಗೂ ಕಾಲೇಜಿನ ಶಬ್ದ ನುಂಗಿ, ಅಕ್ಕ ಎಳೆದಂತೆ ಎಳೆದು, ತನ್ನನ್ನೇ ದೂರ ಇಟ್ಟು ಹೇಳಬೇಕು, ಈಗ ಒಂದೂವರೆ ವರ್ಷವಾಯಿತು, ಚಿಗವ್ವನ ಸುದ್ದಿ ತೆಗೆದಿಲ್ಲ, ಮರೆತಿದೆ, ಮರೆತದ್ದು ಒಳ್ಳೆಯದಾಯಿತು ಅಂತ ಅವಳು ದಾವಲಬಿಯ ಮುಂದೆ ಅಂದೂ ಬಿಟ್ಟಳು.

ಸೀರೆ ಎಷ್ಟು ದಿನ ಬಾಳೀತು. ಒಡಲು ಜಾಳುಜಾಳಾಗಿ ಬಿಸಿಲಿಗೆ ಹಿಡಿದರೆ ಬೆರಳು ಕಾಣುತ್ತಿತ್ತು, ಇಳಕಲ್ಲ ಸೀರೆಗೇನು ಬರ, ನೂರು ವರ್ಷದಿಂದ ಅದೇ ಕರಿ ಒಡಲು, ಅದೇ ದಡಿ, ಅದೇ ಕೆಂಪು ಸೆರಗು, ಅದೇ ತೆನೆ, ಅಜ್ಜಿಯದಕ್ಕೂ ಮೊಮ್ಮಗಳದಕ್ಕೂ ಫರಕಿಲ್ಲ ಅಂತ ಧೈರ್ಯದಿಂದ ಬಬಲೇಶ್ವರದ ಅರಿವಿ ಅಂಗಡಿಗೆ ಹೋದರೆ ಗುರಲಿಂಗಪ್ಪ ಮಡಿಕೆ ಬಿಚ್ಚಿ ಹಾಸಿದ, ಕಣ್ಣಿಗೆ ಅದೇ ಸೀರೆ, ಕಣ್ಣು ಮುಚ್ಚಿ ಬೆರಳಾಡಿಸಿದಳು, ಸೆರಗು ಒರಟು, ನೂಲಿನದು, ತೆನೆ ಬೆರಳಿಗೆ ಎದ್ದು ಸಿಗುವುದಿಲ್ಲ, ರೇಷ್ಮಿ ಎಲ್ಲೀದ್ರಿ ತಂಗಿ, ರೇಷ್ಮಿ ಲಡಾಯಿಗೆ ಹೋಗೇತಿ, ಸಿಪಾಯಿಗೋಳು ಅದರದ ಛತ್ರಿ ಹಿಡ್ಕೊಂಡು ಮುಗಲಿನಿಂದ ಜಿಗ್ಯಾಕತ್ತಾರ, ನೀವು ಸೆರಗ ಕೇಳಾಕತ್ತೀರಿ, ಇದೂ ಕಂಟ್ರೋಲಿನ್ಯಾಗ ಸಿಕ್ಕದ್ದ ಪುಣ್ಯೇ. ತಂದಳು, ಹಳೆಯ ಸೀರೆಯ ರೇಷ್ಮೆ ಸೆರಗು ಕತ್ತರಿಸಿದಳು, ಕತ್ತರಿ ಕರಕ್ಕೆಂದಾಗ ಅಕ್ಕನ ಬೆರಳೇ ಕತ್ತರಿಸಿದ ಹಾಗೆ, ಹೊಸ ಒಡಲಿಗೆ ಕೂಡಿಸಿದಳು, ನೇಕಾರರಾದರೆ ಎಳೆ ಎಳೆಗೆ ಕೊಂಡಿ ಹಾಕುತ್ತಾರೆ, ಕೂಡಿಸಿದ್ದು ಗೊತ್ತೇ ಆಗುವುದಿಲ್ಲ, ಇವಳದು ಸೂಜಿ, ಎಷ್ಟು ಸಣ್ಣಗೆ ಹಾಕಿದರೂ ಹೊಲಿಗೆ ಹೊಲಿಗೆಯೇ, ತೆನೆಯ ತುದಿಯಿಂದ ಒಂದು ಬೆರಳಿನಷ್ಟು ಮೇಲೆ, ನಾಲ್ಕು ದಿನದಿಂದ ಉಡುತ್ತಿದ್ದಾಳೆ, ನಾಲ್ಕು ದಿನವೂ ಆ ಬೆರಳು ಹನ್ನೊಂದಕ್ಕೆ ನಿಂತಿದೆ, ಮೇಲೆ ಹೋಗಿಲ್ಲ, ಬೆರಳು ಒಂಬತ್ತು ಮುಟ್ಟಿದಾಗ ಇವಳ ಉಸಿರು ನಿಲ್ಲುತ್ತದೆ, ಹತ್ತು, ಹನ್ನೊಂದು, ಬಿಟ್ಟ ಉಸಿರು ಹುಡುಗಿಗೆ ಕೇಳಿಸಬಾರದು.

ಓಣಿ ಬಂತು, ಬಂದೇಬಿಟ್ಟಿತು, ಬೇರೆ ದಿನವಾದರೆ ಮೂಲೆಯ ಬಾವಿಯ ಹತ್ತಿರವೇ ಗುಬ್ಬಿ ಕೇಳಿ ಹುಡುಗಿ ಹೊಸ್ತಿಲ ಮೇಲೆ ಎದ್ದು ನಿಲ್ಲುತ್ತಿತ್ತು, ಈಗ ಕೂತೇ ಇದೆ, ಮುಖ ಬೇರೆ ಕಡೆ, ಇವಳು ಹತ್ತು ಮಾರು ದೂರದಲ್ಲಿ ಕಳ್ಳರ ಹಾಗೆ ನಿಂತಿದ್ದಾಳೆ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೋದರೆ ಹೇಗೆ, ಹಾದ್ಯಾಗ ಹರೀತು ರೇಣಿ ಅನ್ನಬೇಕು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಕರ್ರ ಅನ್ನಿಸಿದರೆ—ಅನ್ನಿಸಿ ನೋಡಿದಳು, ಕಪ್ಪೆಯ ಸದ್ದು ಬಂತು, ನಾಚಿಕೆಯಾಯಿತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ದಾವಲಬಿ ತಲೆ ಎತ್ತಿದಳು, ಮೊದಲು ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು, ತಿಳಿಯಿತು ಅವಳಿಗೆ, ತಿಳಿದೇ ದನಿ ಏರಿಸಿದಳು, ತಾಯವ್ವ ಬಂದ್ಲ ನೋಡ ರೇಣಿ, ನಿಮ್ಮವ್ವ ಬಂದ್ಲು. ಹುಡುಗಿ ಏಳಲಿಲ್ಲ, ಕೈ ಮಾತ್ರ ಮುಂದೆ ಚಾಚಿತು, ಸೆರಗಿಗೆ, ದಿನಾ ಚಾಚುವ ಹಾಗೆ, ಹೋಗಲೇಬೇಕು, ಹೋದಳು, ಮಂಡಿ ಊರಿ ಕೂತಳು, ಹರೀತು ರೇಣಿ ಎಂಬ ಮಾತು ಬಾಯಲ್ಲೇ ಇದೆ, ಬೆರಳು ಸೆರಗು ಹಿಡಿಯಿತು, ಒಂದು, ಎರಡು, ಮೂರು, ದಾವಲಬಿಯ ಮೊರದಲ್ಲಿ ಜೋಳ ಸುರ್ರೆನ್ನುತ್ತಿದೆ, ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು, ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಬೆರಳು ತೆನೆಯ ತುದಿ ದಾಟಿ ಮೇಲೆ ಹೋಯಿತು, ಹಾದಿ ಗೊತ್ತಿದ್ದವರ ಹಾಗೆ, ಮೊದಲೇ ಒಮ್ಮೆ ಹೋಗಿ ಬಂದವರ ಹಾಗೆ, ನೇರ ಹೊಲಿಗೆಯ ಮೇಲೆ ಬಂದು ಕೂತಿತು.

ಅವ್ವನ ಗುಬ್ಬಿ ಹಾರಿ ಹೋತೇನ, ಚಿಗವ್ವಾ.

ಮೊರ ನಿಂತಿತು, ದನಿಯಲ್ಲಿ ಅಳು ಇಲ್ಲ, ಬೆರಗಿಲ್ಲ, ನೀರು ತುಂಬಿತೇ ಎಂದು ಕೇಳಿದ ಹಾಗೆ ಕೇಳಿತು, ಚಿಗವ್ವಾ ಅಂದಿತು, ಇದಕ್ಕೆ ಗೊತ್ತಿದ್ದದ್ದು ಎಂದಿನಿಂದ, ನಾಲ್ಕು ದಿನದಿಂದಲೇ, ಅಲ್ಲ, ಧಾರವಾಡದ ಚಿಗವ್ವನನ್ನು ಕೇಳುವುದು ಬಿಟ್ಟ ದಿನದಿಂದ, ಹಾಗಾದರೆ ಅವ್ವಾ ಅವ್ವಾ ಎಂದು ಇಷ್ಟು ದಿನ ಕರೆದದ್ದು, ಇಡೀ ಓಣಿ ಈ ಕೂಸಿಗಾಗಿ ಸುಳ್ಳು ಹೇಳುತ್ತಿದ್ದರೆ ಕೂಸು ಯಾರಿಗಾಗಿ—ಉತ್ತರ ಕೊಡಬೇಕು, ಯಾವ ದನಿಯಲ್ಲಿ ಕೊಡಬೇಕು, ತನ್ನ ದನಿ ಯಾವುದು, ಬೆರಳು ಕಾಣುತ್ತಿದೆ, ಕಲೆ ಇದ್ದ ಬೆರಳು, ಹೊಲಿಗೆಯ ಮೇಲೆ, ಮುಂದಕ್ಕೂ ಹೋಗದೆ, ಹಿಂದಕ್ಕೂ ಬಾರದೆ, ಹೊಲಿಗೆಯ ಮೇಲೆ ಆ ಬೆರಳು.