ಇಸ್ತ್ರಿಯವನ ಬಿಸಿ ಮರಳಿನ ಚೀಲ

ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳೋಕೆ ಹೆಂಡತಿಯನ್ನು ಒಪ್ಪಿಸೋ ಹೊತ್ತಿಗೆ ಇಸ್ತ್ರಿ ಅಂಗಡಿಯವನಿಗೆ ಸಾಕುಸಾಕಾಗಿತ್ತು. ಅವಳಿಗೆ ಕತ್ತರಿಯ ಭಯವಿರಲಿಲ್ಲ, ನಡುಕದ ಭಯ. ಹಿಂದೊಮ್ಮೆ ಆಪರೇಷನ್ ಆಗಿ ಎಚ್ಚರವಾದಾಗ ಹಲ್ಲು ಕಟಕಟ ಅಂದು, ಮಂಚವೇ ಅಲ್ಲಾಡುವಷ್ಟು ನಡುಗಿದ್ದಳು. ಹೊಲಿಗೆ ಎಳೆದೆಳೆದು ಜೀವ ಬಾಯಿಗೆ ಬಂದಿತ್ತು.

"ನೋವಾದ್ರೆ ತಡ್ಕೋತೀನಿ. ಆ ನಡುಕ ಬೇಡ. ಮನೆಗೆ ನಡೀರಿ," ಅಂತ ಆಸ್ಪತ್ರೆ ಮಂಚದ ಮೇಲೆ ಕೂತೂ ಹಟ ಹಿಡಿದಳು.

"ಸುಮ್ನಿರೇ, ವ್ಯವಸ್ಥೆ ಮಾಡಿದ್ದೀನಿ," ಅಂತ ಅವನು ಕಂಬಳಿ ಸುತ್ತಿದ ಗಂಟು ಬಿಚ್ಚಿದ. ಒಳಗೆ ಮರಳು ತುಂಬಿದ ಚೀಲ. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಕೂರಿಸಿ ಕಾಯಿಸಿ ತಂದಿದ್ದ. "ನೀನು ಹೊರಗೆ ಬಂದ ತಕ್ಷಣ ಕಾಲ ಹತ್ರ ಇಟ್ಬಿಡ್ತೀನಿ. ಉಗುರುಬೆಚ್ಚಗಿದೆ."

ಅಷ್ಟರಲ್ಲಿ ಬಂದ ನರ್ಸ್ ಚೀಲ ಮುಟ್ಟಿ ಚಟ್ಟನೆ ಕೈ ತೆಗೆದಳು. "ಅಣ್ಣಾ, ಇದು ಉಗುರುಬೆಚ್ಚಗಾ?"

"ನಂಗೇನೂ ಅನ್ಸಲ್ವಲ್ಲ. ನಮ್ಮ ಅಂಗಡಿ ಇಸ್ತ್ರಿಪೆಟ್ಟಿಗೇಲೇ ಕಾಯ್ಸಿದ್ದು."

"ಕುದಿಯೋ ಕಾಫಿ ಕೊಟ್ರೂ ಆರಿದೆ ಅಂತಾರೆ, ಸಿಸ್ಟರ್. ಇವರ ಮಾತು ಕೇಳ್ಬೇಡಿ," ಅಂದಳು ಹೆಂಡತಿ.

"ಇಸ್ತ್ರಿ ಹಿಡಿದು ಹಿಡಿದು ನಿಮ್ಮ ಕೈಗೆ ಬಿಸಿ ತಿಳಿಯಲ್ಲ. ಮತ್ತಿನಲ್ಲಿರೋ ಅಕ್ಕನಿಗೂ ತಿಳಿಯಲ್ಲ. ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು."

"ಹಾಗಾದ್ರೆ ನಡುಗಲಿ ಬಿಡಿ ಅಂತೀರಾ? ನಡುಕಕ್ಕೂ ಮದ್ದಿದೆಯಾ?" ಅಂದ ಅವನು.

ಕೈತುಂಬ ಕೆಲಸವಿದ್ದರೂ ನರ್ಸ್ ಮಂಚದ ಅಂಚಿಗೆ ಕೂತಳು. "ಇದೆ. ಹೋದ ಸಲ ನಡುಗಿದ್ದನ್ನ ಅರಿವಳಿಕೆ ಡಾಕ್ಟರಿಗೆ ಹೇಳಿದ್ರಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಅದನ್ನೂ ಹೇಳ್ಬೇಕಾ?" ಅಂದ ಅವನು.

"ಅದನ್ನೇ ಮೊದ್ಲು ಹೇಳ್ಬೇಕು. ಅರಿವಳಿಕೆ ಕೊಟ್ಟಾಗ ಮೈ ತನ್ನ ಬಿಸಿ ಉಳಿಸಿಕೊಳ್ಳೋದು ಕಷ್ಟ. ಆಪರೇಷನ್ ಥಿಯೇಟರ್ ಬೇರೆ ತಣ್ಣಗಿರುತ್ತೆ. ಆಮೇಲೆ ನಡುಗಿದ್ರೆ ಗಾಯ ನೋಯುತ್ತೆ, ಹೃದಯಕ್ಕೂ ದಣಿವು. ಅದಕ್ಕೇ ಒಳಗೆ ಹೋಗೋ ಮೊದ್ಲೇ ಬೆಚ್ಚಗೆ ಮಾಡ್ತೀವಿ."

ಅರಿವಳಿಕೆ ಡಾಕ್ಟರಮ್ಮ ಬಂದರು, ಎಲ್ಲಾ ಕೇಳಿ ಫೈಲಿನಲ್ಲಿ ಬರೆದುಕೊಂಡರು. ನರ್ಸ್ ಬಿಸಿಗಾಳಿಯಿಂದ ಉಬ್ಬುವ ಹೊದಿಕೆ ತಂದು ಹೊದಿಸಿದಳು. ಒಳಗೆ ಡ್ರಿಪ್ ನೀರನ್ನೂ ಬೆಚ್ಚಗೆ ಮಾಡಿ ಕೊಡ್ತಾರೆ ಅಂದಳು. ಇವನು ಹೊದಿಕೆಯಡಿ ಕೈ ಹಾಕಲು ಹೋದರೆ, "ನಿಮ್ಮ ಕೈ ಲೆಕ್ಕಕ್ಕಿಲ್ಲ ಅಣ್ಣಾ," ಅಂತ ಗಾಳಿ ಊದುವ ಯಂತ್ರದ ಮೇಲೆ ಬಿಸಿ ಎಷ್ಟಿದೆ ಅಂತ ತೋರಿಸುವ ಅಂಕಿ ತೋರಿಸಿದಳು. ಆಮೇಲೆ ಹೆಗಲ ಹತ್ತಿರ ಒಂದಿಷ್ಟೂ ಸಂದು ಬಿಡದೆ ಅಂಚು ಸೇರಿಸಿದಳು. ಇಪ್ಪತ್ತೆರಡು ವರ್ಷ ಬಟ್ಟೆ ಮಡಿಚಿದವನ ಕಣ್ಣಿಗೂ ಆ ಕೆಲಸದಲ್ಲಿ ಒಂದೂ ಕೊರತೆ ಕಾಣಲಿಲ್ಲ. 'ಕಸುಬು ಅಂದ್ರೆ ಇದು,' ಅಂದುಕೊಂಡ.

ಆಪರೇಷನ್ ಮುಗಿದು ಮಧ್ಯಾಹ್ನ ಅವನನ್ನು ಒಳಗೆ ಕರೆದರು. ಹೆಂಡತಿ ಕಣ್ಣು ಬಿಟ್ಟಿದ್ದಳು. ಹಲ್ಲು ಕಟಕಟ ಅನ್ನಲಿಲ್ಲ, ಮಂಚ ಅಲ್ಲಾಡಲಿಲ್ಲ. ನರ್ಸ್ ಮೈಬಿಸಿ ಅಳೆಯುತ್ತಿದ್ದಳು.

"ಚಳಿ ಆಗ್ತಿದೆಯೇನೇ?" ಅಂತ ಅವನು ಬಗ್ಗಿದ.

"ಇಲ್ಲ. ಮದುವೆಯಾದಾಗಿಂದ ನೀವು ಒಂದು ದಿನವಾದ್ರೂ ಹೀಗೆ ಹೊದಿಸಿದ್ದೀರಾ?" ಅಂದು ಅವಳು ಮತ್ತೆ ಕಣ್ಣು ಮುಚ್ಚಿದಳು. ನರ್ಸ್ ಮುಖ ತಿರುಗಿಸಿ ನಕ್ಕಳು.

ಓದುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದೆಯಾ? ಹಿಂದೆ ನಡುಗಿದ್ದರೆ ಅರಿವಳಿಕೆ ಡಾಕ್ಟರಿಗೆ ಸಂಕೋಚಪಡದೆ ಹೇಳಿ. ಕಾಯುವಾಗ ಚಳಿಯಾದರೆ ಹೊದಿಕೆ ಕೇಳಿ. ಬಿಸಿ ಚೀಲ, ಬಿಸಿನೀರಿನ ಬಾಟಲಿ ನೀವಾಗಿ ಇಡಬೇಡಿ. ನಡುಕ ಶುರುವಾದರೂ ಹೆದರಬೇಡಿ, ಅದಕ್ಕೆ ಔಷಧಿಯಿದೆ. ನರ್ಸನ್ನು ಕರೆಯಿರಿ. ಬಾಯಿಬಿಟ್ಟು ಹೇಳಿದರೆ ತಾನೇ ಅವರಿಗೆ ಗೊತ್ತಾಗೋದು?